ಸಿನ್ಸಿನಾಟಿಯ ಚೌಕಟ್ಟು

“ಇದನ್ನು ಬಿಸಾಡ್ಲಿಕ್ಕಾಗುದಿಲ್ಲ ಮೇಡಂ,” ಎಂದುಬಿಟ್ಟ ಮೋನಪ್ಪ, ಕನ್ನಡದಲ್ಲೇ.

ಕೊಲ್ಲಿ ದೇಶದ ಶುವೈಖ್‌ನ ಆ ಫ್ರೇಮ್ ಅಂಗಡಿಯಲ್ಲಿ ಹದಿನೆಂಟು ವರ್ಷಗಳಿಂದ ಅವನು ಯಾವ ಗಿರಾಕಿಗೂ ಎದುರಾಡಿದವನಲ್ಲ. ಅದರಲ್ಲೂ ನೂರಿಯಾ ಮೇಡಂ ಎಂದರೆ ಅಂಗಡಿಯ ಯಜಮಾನನೇ ಎದ್ದು ನಿಂತು ಕಾಫಿ ಕೊಡುವಂಥ ಗಿರಾಕಿ. ಮೂರು ಮಹಡಿಯ ಮನೆ ತುಂಬ ಚಿತ್ರ ತೂಗುಹಾಕಿದವರು. ಈ ಸಲ ಅವರು ಹರಾಜಿನಲ್ಲಿ ಕೊಂಡದ್ದು ನೂರೈವತ್ತು ವರ್ಷ ಹಳೆಯ, ಅಮೆರಿಕದ ಯಾವುದೋ ಹೊಳೆಯ ಚಿತ್ರ. ಚಿನ್ನದ ಬಣ್ಣದ ಚೌಕಟ್ಟು ಎರಡು ಮೂಲೆಯಲ್ಲಿ ಒಡೆದಿತ್ತು. ಅದನ್ನು ತೆಗೆದೆಸೆದು, ಫಳಫಳ ಹೊಳೆಯುವ ಹೊಸದನ್ನು ಹಾಕಬೇಕೆಂದು ಅಪ್ಪಣೆಯಾಗಿತ್ತು.

ಮೇಡಂ, ತಮ್ಮ ಸಂಗ್ರಹ ನೋಡಿಕೊಳ್ಳುವ ಮೈಸೂರಿನ ಶ್ರಾವಣಿಯ ಕಡೆ ತಿರುಗಿ ಅರಬಿಯಲ್ಲಿ ಏನೋ ಅಂದರು.

“ಯಾಕೆ ಅಂತ ಕೇಳ್ತಿದಾರೆ ಮೋನಪ್ಪನವರೇ.”

ಅವನು ಚೌಕಟ್ಟಿನ ಮೇಲೆ ಟಾರ್ಚ್ ಬಿಟ್ಟ. “ನೋಡಿ, ಇದು ಅಚ್ಚಿನಲ್ಲಿ ತೆಗೆದದ್ದಲ್ಲ. ಒಂದೊಂದು ಎಲೆಯೂ ಉಳಿಯಲ್ಲಿ ಕೆತ್ತಿದ್ದು. ಹೊಸದು ಬೇಕಾದ್ರೆ ನಾಳೆಯೇ ಕೊಡ್ತೇನೆ, ಆದ್ರೆ ಬಂಗಾರದಂಗಡಿಯ ಬೋರ್ಡಿನ ಹಾಗೆ ಕಾಣ್ತದೆ. ಒಂದು ತಿಂಗಳು ಕೊಡಿ, ಹೋದ ಎಲೆಗಳನ್ನು ಕೆತ್ತಿ ಕೂರಿಸ್ತೇನೆ.”

ಶ್ರಾವಣಿ ಬೋರ್ಡಿನ ಮಾತನ್ನೂ ಬಿಡದೆ ಹೇಳಿದಳು. ಯಜಮಾನ ಕೆಮ್ಮಿದ. ಮೇಡಂ ಟಾರ್ಚ್ ಇಸಿದುಕೊಂಡು ತುಂಬ ಹೊತ್ತು ನೋಡಿದರು, ಆಮೇಲೆ ನಕ್ಕು ಚಿತ್ರದ ಕಥೆ ಹೇಳಿದರು. ಇದರ ಮೊದಲ ಒಡೆಯ ಅಮೆರಿಕದ ಸಿನ್ಸಿನಾಟಿ ಎಂಬ ಊರಿನ ಒಬ್ಬ ಮೇಣದಬತ್ತಿ ವ್ಯಾಪಾರಿಯಂತೆ. ಊರಿನ ರಸ್ತೆಗಳಲ್ಲಿ ಇನ್ನೂ ಕೆಸರಿದ್ದಾಗಲೇ ಚಿತ್ರಗಳಿಗೆಂದು ಹಜಾರ ಕಟ್ಟಿಸಿ, ಭಾನುವಾರ ಊರವರಿಗೆಲ್ಲ ಬಾಗಿಲು ತೆರೆಯುತ್ತಿದ್ದನಂತೆ.

“ಈ ಚೌಕಟ್ಟು ಆರಿಸಿದವನೂ ಅವನೇ ಇರಬೇಕು,” ಎಂಬ ಮೇಡಂ ಮಾತನ್ನು ಶ್ರಾವಣಿ ಕನ್ನಡಕ್ಕೆ ತರುವಷ್ಟರಲ್ಲಿ ಅವರೇ ಮುಗಿಸಿದರು: “ಒನ್ ಮಂತ್. ಯಲ್ಲಾ, ಸ್ಟಾರ್ಟ್.”

ಕೆಲಸ ಮುಗಿದು ವಾರವಾದ ಮೇಲೆ ಶ್ರಾವಣಿಯ ಫೋನ್ ಬಂತು. ಶುಕ್ರವಾರ ಮೇಡಂ ಮನೆಯಲ್ಲಿ ಚಿತ್ರ ನೋಡಲು ಜನ ಬರುತ್ತಾರೆ, ಮನೆಯವರನ್ನೂ ಕರೆದುಕೊಂಡು ಬರಬೇಕಂತೆ. ರಿಗ್ಗೈಯ ತಮ್ಮ ಮನೆಯಿಂದ ಟ್ಯಾಕ್ಸಿಯಲ್ಲಿ ಹೋಗುವಾಗ ಹೆಂಡತಿ ಪುಷ್ಪಾವತಿ ಸೀರೆಯ ನೆರಿಗೆಯನ್ನು ನಾಲ್ಕು ಸಲ ಸರಿಮಾಡಿಕೊಂಡಳು.

ಚಿತ್ರದ ಮುಂದೆ ನಿಂತು ಮೋನಪ್ಪ ತಾನು ಕೆತ್ತಿದ ಎಲೆಗಳನ್ನು ಬೆರಳಿಟ್ಟು ತೋರಿಸತೊಡಗಿದ.

“ಚೆಂದ ಆಗಿದೆ,” ಎಂದಳು ಪುಷ್ಪಾವತಿ. “ಆದ್ರೆ ಈ ಹೆಂಗಸು ಯಾರನ್ನು ಕಾಯ್ತಾ ಇರುದು?”

“ಯಾವ ಹೆಂಗಸು?”

ದಡದಲ್ಲಿ, ಉಗುರಿನಷ್ಟು ಚಿಕ್ಕದಾಗಿ, ಕೆಂಪು ಶಾಲು ಹೊದ್ದವಳೊಬ್ಬಳು ನಿಂತಿದ್ದಳು. ತಿಂಗಳಿಡೀ ಮೇಜಿನ ಮೇಲಿದ್ದರೂ ಅವಳು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಪುಷ್ಪಾವತಿ ಅವನ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಎಳೆದಳು. “ಇಲ್ಲಿಂದ ನೋಡಿ.”

ಇಬ್ಬರೂ ನಿಂತು ನೋಡಿದರು. ಹೊಳೆಯ ಮೇಲೆ ಸಂಜೆ ಇನ್ನೂ ಮುಗಿದಿರಲಿಲ್ಲ.