ಒಳಕೋಣೆಯ ಕೆಂಡ

ಕಟ್ಟುತ್ತಿದ್ದ ಮನೆಯ ಒಳಕೋಣೆಯಲ್ಲಿ ಪೈಪು ಒಡೆದು, ಹೊಸ ಗಾರೆಯ ಗೋಡೆ ಸೊಂಟದೆತ್ತರಕ್ಕೆ ನೀರು ಕುಡಿದಿತ್ತು. ಬಿಸಿಗಾಳಿಯ ಮಿಷನ್ನು ಕರೆಂಟಿಲ್ಲದೆ ಮೂಲೆ ಸೇರಿತ್ತು. ಹೊರಗೆ ಮಳೆ ಬಿಡುವ ಲಕ್ಷಣವಿರಲಿಲ್ಲ. ಮೇಸ್ತ್ರಿಗೆ ಕಾಯುವ ತಾಳ್ಮೆಯಿಲ್ಲ. ತೇವದ ಗಾಳಿ ಒಳಬರದಂತೆ, ಕದ ಸರಳು ಇನ್ನೂ ಕೂರಿಸದ ಕಿಟಕಿಗೆ ಪ್ಲಾಸ್ಟಿಕ್ ಬಿಗಿದ. ತಗಡಿನ ಬಕೆಟ್ಟುಗಳಲ್ಲಿ ಇದ್ದಿಲು ಹೊತ್ತಿಸಿ, ಕೆಂಡ ನಿಗಿನಿಗಿ ಎಂದ ಮೇಲೆ ಒಳಗಿಟ್ಟ.

"ಒಂಚೂರು ಸಂದಿ ಬಿಡೋದಲ್ವಾ ಅಣ್ಣ?" ಎಂದ ಬಣ್ಣದವನು.

"ಹೊಗೆಯೇ ಇಲ್ಲ, ಸಂದಿ ಯಾಕೆ? ನಿನ್ನ ಬ್ರಷ್ ತೊಳ್ಕೊ ಹೋಗು."

ತೇವ ಅಳೆಯುವ ಮೀಟರು ಮೇಸ್ತ್ರಿಯ ಹೆಂಡತಿಯ ಕೈಲಿತ್ತು. ಅದರ ಮುಳ್ಳುಗಳನ್ನು ಗೋಡೆಗೊತ್ತಿದರೆ ಅಂಕಿ ಬರುತ್ತದೆ; ಗೋಡೆ ಒಣಗಿದಂತೆ ಅಂಕಿ ಇಳಿಯಬೇಕು.

"ಬಾಗಿಲು ತೆಗೆದು ತೆಗೆದು ಕಾವು ಕಳೀಬೇಡ. ಒಳಗಿಂದಲೇ ಕೂಗು," ಎಂದ ಮೇಸ್ತ್ರಿ.

"ನನ್ನೂ ಒಣಗಿಸ್ತೀರೇನ್ರೀ? ನಿಮ್ಮನ್ನ ಕಟ್ಕೊಂಡಾಗಲೇ ಒಣಗಿದೀನಿ," ಎನ್ನುತ್ತ ಅವಳು ಒಳಹೋಗಿ ಬಾಗಿಲೆಳೆದುಕೊಂಡಳು.

ಮೇಸ್ತ್ರಿ ಹೊರಗೆ ಸಿಮೆಂಟ್ ಚೀಲಗಳಿಗೆ ಟಾರ್ಪಾಲು ಹೊದಿಸತೊಡಗಿದ.

"ಇಪ್ಪತ್ತಾರು," ಎಂದಳು ಒಳಗಿಂದ. ಆಮೇಲೆ, "ಇಪ್ಪತ್ನಾಲ್ಕು. ತಲೆ ಸಿಡೀತಿದೆ ರೀ."

"ಕಾವಿಗೆ ಹಾಗಾಗುತ್ತೆ. ನೆಲದ ಹತ್ರ ನೋಡು."

ಮುಂದೆ ಬಂದ ದನಿಯಲ್ಲಿ ನಾಲಿಗೆ ಎಳೆಯುತ್ತಿತ್ತು. "ಎಂಬತ್... ಎಂಬತ್ತು."

"ಕಣ್ಣೆಲ್ಲಿಟ್ಟಿದೀಯ? ಅಷ್ಟಿರಲ್ಲ."

ಒಳಗೆ ಏನೋ ದೊಪ್ಪನೆ ಬಿತ್ತು. 

"ಏಯ್," ಎಂದ. ಬೈದರೆ ಸುಮ್ಮನಿರುವ ಹೆಂಗಸಲ್ಲ ಅವಳು. ಮೇಸ್ತ್ರಿ ಟಾರ್ಪಾಲು ಬಿಟ್ಟು ಓಡಿಬಂದ. ಬಾಗಿಲು ತಳ್ಳಿದ. ಒಂದು ಗೇಣು ಸರಿದು ನಿಂತಿತು. ಅಡ್ಡ ಬಿದ್ದಿದ್ದು ಅವಳ ಮೈ.

ಕಿಟಕಿಯ ಹೊರಬದಿಗೆ ಓಡಿ, ಕರಣೆಯಿಂದ ಪ್ಲಾಸ್ಟಿಕ್ ಹರಿದ. ಉಸಿರು ಬಿಗಿಹಿಡಿದು ಒಳಗೆ ಹಾರಿದ. ಹೊಗೆಯಿಲ್ಲ, ವಾಸನೆಯಿಲ್ಲ, ಕೆಂಡ ಮಾತ್ರ ಚೆಂದಕ್ಕೆ ಉರಿಯುತ್ತಿತ್ತು. ಅವಳನ್ನು ಕಂಕುಳಲ್ಲಿ ಹಿಡಿದು ಕಿಟಕಿಗೆ ಎಳೆದ. ಸದ್ದಿಗೆ ಓಡಿಬಂದ ಬಣ್ಣದವನು ಹೊರಗಿನಿಂದ ಎಳೆದುಕೊಂಡ. ಮುಖದ ಮೇಲೆ ಮಳೆ ಬಿದ್ದರೂ ಅವಳ ರೆಪ್ಪೆ ಅಲುಗಲಿಲ್ಲ.

"ಕೆಂಡದ ವಿಷಗಾಳಿ ಕುಡಿದವ್ಳೆ. ಉಸಿರಿದೆ ಅಣ್ಣ. ವ್ಯಾನಿಗೆ ಹಾಕು."

ದಾರಿಯುದ್ದಕ್ಕೂ ಮೇಸ್ತ್ರಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈದ. ಸೋಮಾರಿ ಎಂದ, ಮೊಂಡು ಎಂದ, ನಿಮ್ಮಪ್ಪನ ಥರವೇ ನೀನೂ ಎಂದ. ಅಪ್ಪನ ಮಾತೆತ್ತಿದರೆ ಅವಳು ಬಿಡುವವಳಲ್ಲ. ಈಗ ಅವಳ ತಲೆ ಗಾಡಿಯ ಕುಲುಕಿಗೆ ಅತ್ತಿತ್ತ ಹೊರಳಿತು. ಅವನ ದನಿ ಒಡೆಯಿತು. ಬಣ್ಣದವನು ತಿರುಗಿ ನೋಡದೆ ಗಾಡಿಯ ವೇಗ ಹೆಚ್ಚಿಸಿದ.

ಆಸ್ಪತ್ರೆಯ ಗೇಟಿನ ಹತ್ತಿರ ಅವಳ ತುಟಿ ಅಲುಗಿತು. ಮೇಸ್ತ್ರಿ ಕಿವಿ ಹತ್ತಿರ ತಂದ.

"ಬಾಯ್ಮುಚ್ಚಿ," ಎಂದಳು. "ವಾಂತಿ ಬರ್ತಿದೆ."

ಅವನು ಅವಳ ಬಾಯ ಕೆಳಗೆ ಬೊಗಸೆ ಒಡ್ಡಿದ.