ಹಿಂಬದಿಯ ಸ್ವಿಚ್ಚು

ಮಗಳು ಮೆಚ್ಚಿದವನು ರೆಕಾರ್ಡ್ ಪ್ಲೇಯರ್ ಹೊತ್ತು ತಂದಿದ್ದು ಬಡಗಿಗೆ ಸರಿಬರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನಿಗೆ ಇಷ್ಟು ದೊಡ್ಡ ಉಡುಗೊರೆಯ ಉಸಾಬರಿ ಏಕೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ಅಪ್ಪ ಒಪ್ಪಿದರೆ ಮಾತ್ರ ಮದುವೆ ಎಂದಿದ್ದಳು ಮಗಳು. ಉತ್ತರ ಇವತ್ತೇ ಹೇಳಬೇಕಿತ್ತು.

ಗೋಡೆಯ ಎರಡು ಮೂಲೆಗಳಲ್ಲಿ ಬಡಗಿ ಕೈಯಾರೆ ಕಟ್ಟಿದ ಸ್ಪೀಕರ್ ಪೆಟ್ಟಿಗೆಗಳಿದ್ದವು, ನಡುವೆ ಹಳೆಯ ಆಂಪ್ಲಿಫೈಯರ್. ಅವುಗಳನ್ನು ಮನೆಯಿಂದ ಸಾಗಹಾಕುವ ಹುನ್ನಾರ ಇವನಿಗಿದ್ದರೂ ಇರಬಹುದು.

"ಇದ್ರಲ್ಲಿ ಬ್ಲೂಟೂತ್ ಇದೆ ಮಾವ, ವೈರೇ ಬೇಡ. ಆದ್ರೂ ನಿಮ್ಮ ಪೆಟ್ಟಿಗೆಗೇ ಸೇರಿಸ್ತೀನಿ. ಅದರ ದನಿನೇ ಬೇರೆ."

ಬೆಣ್ಣೆ ಹಚ್ಚುತ್ತಿದ್ದಾನೆ. "ಮಾವ ಅನ್ನೋಕೆ ಯಾರು ಹೇಳಿದ್ರು?"

"ಇನ್ನೇನು, ಬಡಗಿ ಸಾಹೇಬ್ರೇ ಅನ್ಬೇಕಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

ಅವನು ಕೆಂಪು, ಬಿಳಿ ವೈರುಗಳನ್ನು ಆಂಪ್ಲಿಫೈಯರಿಗೆ ಚುಚ್ಚಿ, ತಟ್ಟೆಯ ಮೇಲೆ ಮುಳ್ಳು ಇಳಿಸಿದ. ಪೆಟ್ಟಿಗೆಗಳು ಗೊರಗೊರ ಅಬ್ಬರಿಸಿದವು. ಹಾಡುವವಳ ದನಿ ತಗಡು ಹರಿದಂತೆ ಕೇಳಿಸಿತು.

"ಹೋಯ್ತು ನನ್ನ ಸ್ಪೀಕರ್!"

"ಏನಾಗಿಲ್ಲ, ಹಳೇ ಆಂಪ್ಲಿಫೈಯರ್ ಅಲ್ವಾ, ಸ್ವಲ್ಪ ಬಿಸಿಯಾಗ್ಬೇಕು" ಎನ್ನುತ್ತಲೇ ಅವನು ಪ್ಲೇಯರಿನ ಹಿಂದಕ್ಕೆ ಕೈ ತೂರಿಸಿದ. ಟಕ್ ಎಂದಿತು. ದನಿ ತಿಳಿನೀರಾಯಿತು.

ಬಡಗಿ ಮುಳ್ಳೆತ್ತಿದ. "ಹಿಂದೆ ಏನು ಮಾಡ್ದೆ?"

"ಏನಿಲ್ವಲ್ಲ" ಎಂದು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಬಡಗಿ ಮಗಳತ್ತ ತಿರುಗಿದ. "ಇವನು ಬೇಡಮ್ಮ. ತಪ್ಪು ಮಾಡೋನ ಜೊತೆ ಬಾಳಬಹುದು, ಮುಚ್ಚಿಡೋನ ಜೊತೆ ಆಗಲ್ಲ."

"ಮುಚ್ಚಿಡು ಅಂದವಳು ನಾನು" ಎಂದಳು ಮಗಳು. ಅವಳ ಮೂಗು ಕೆಂಪಾಗಿತ್ತು. "ಅಪ್ಪನ ಮುಂದೆ ತಪ್ಪು ಒಪ್ಕೊಂಡ್ರೆ ಕತೆ ಮುಗೀತು ಅಂತ ಹೇಳ್ಕೊಟ್ಟಿದ್ದೆ. ನಿನ್ನ ಉಳಿ ಮುಕ್ಕಾಯ್ತಲ್ಲ, ಬೀಳಿಸಿದ್ದು ನಾನು. ಗಾಳಿಗೆ ಬಿತ್ತು ಅಂದೆ, ನೀನು ನಂಬಿಬಿಟ್ಟೆ."

"ನಾನೂ ಒಂದೆರಡನ್ನ ಗಾಳಿ ಮೇಲೆ ಹಾಕಿದ್ದೀನಿ" ಎಂದಿತು ಅಡುಗೆಮನೆ.

ಜಗತ್ತನ್ನೆಲ್ಲ ಅನುಮಾನಿಸಿದ ಬಡಗಿ ಮನೆಯವರನ್ನು ಮಾತ್ರ ಅನುಮಾನಿಸಿರಲಿಲ್ಲ. ಬೈದು ಬೈದು ಸುಳ್ಳು ಹೇಳುವುದನ್ನು ಅವರಿಗೆ ಕಲಿಸಿದವನು ತಾನೇ ಎಂಬುದು ತಿಳಿಯಲು ಬೇರೆ ಮನೆಯ ಮಗ ಬರಬೇಕಾಯಿತು.

ಹುಡುಗ ಪ್ಲೇಯರನ್ನು ತಿರುಗಿಸಿ ಹಿಂಬದಿಯ ಪುಟ್ಟ ಸ್ವಿಚ್ಚು ತೋರಿಸಿದ. "ಇದು ಸದ್ದನ್ನ ತಾನೇ ಒಂದ್ಸಲ ಜೋರು ಮಾಡಿ ಕಳಿಸುತ್ತೆ. ನಿಮ್ಮ ಆಂಪ್ಲಿಫೈಯರೂ ಅದೇ ಕೆಲಸ ಮಾಡುತ್ತೆ. ಎರಡೂ ಸೇರಿದ್ರೆ ಕೂಗಾಟ. ಇದನ್ನ ಆರಿಸೋದು ಮರೆತಿದ್ದೆ. ನಿಮ್ಮ ಆಂಪ್ಲಿಫೈಯರ್ ಮೇಲೆ ತಪ್ಪು ಹೊರಿಸಿದೆ. ಹೆದರಿಕೆ ಆಯ್ತು."

"ವೈರೆಲ್ಲ ಬಿಚ್ಚು" ಎಂದ ಬಡಗಿ. "ಮೊದಲಿಂದ ಹಾಕು. ತಪ್ಪಿದ್ರೆ ಬಾಯಿಬಿಟ್ಟು ಹೇಳು. ನಾನು ಬೈಯಲ್ಲ."

"ಬೈಯಲ್ವಾ?" ಮಗಳು ಕಣ್ಣು ಕಿರಿದು ಮಾಡಿದಳು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಯಾರಿಗೂ ನಂಬಿಕೆ ಬಂದಂತಿರಲಿಲ್ಲ.

ಅವನು ಬಿಚ್ಚಿದ, ಮತ್ತೆ ಚುಚ್ಚಿದ. ಬೆವರಿದ ಬೆರಳು ಕೆಂಪು ವೈರನ್ನು ಬಿಳಿಯ ತೂತಿಗೆ ಹಾಕಿತು. "ತಪ್ಪಾಯ್ತು" ಎಂದು ಕುತ್ತಿಗೆ ಒಳಗೆಳೆದುಕೊಂಡ.

ಬಡಗಿಯ ಬಾಯಿ ತೆರೆಯಿತು. ಮೂವರೂ ಅದನ್ನೇ ನೋಡುತ್ತಿದ್ದರು.

"ಬದಲಾಯಿಸು" ಎಂದ ಬಡಗಿ ಮೆಲ್ಲಗೆ. "ಆಮೇಲೆ ನಿಮ್ಮಮ್ಮನಿಗೆ ಫೋನ್ ಹಚ್ಚು. ಮದುವೆ ಮಾತಾಡ್ಬೇಕು."