ಸೇತುವೆ ನುಂಗಿದ ಹಳದಿ

ಹೊಸ ಸಿಗ್ನಲ್ ಕಂಬದ ಮುಖಕ್ಕೆ ಇನ್ನೂ ಅಡ್ಡಪಟ್ಟಿ ಬಿಗಿದಿತ್ತು. ಒಪ್ಪಿಗೆಯ ರುಜು ಬೀಳುವವರೆಗೆ ಇದರ ಮಾತು ಲೆಕ್ಕಕ್ಕಿಲ್ಲವೆಂದು ರೈಲು ಚಾಲಕರಿಗೆ ತಿಳಿಸುವ ಗುರುತು ಅದು. ರುಜು ಹಾಕಬೇಕಾದವಳು ದೀಪದಕ್ಕ. ಇಪ್ಪತ್ತು ವರ್ಷ ಸಿಗ್ನಲ್ ದೀಪಗಳನ್ನು ನೋಡಿಕೊಂಡವಳಿಗೆ ಜೊತೆಯವರಿಟ್ಟ ಹೆಸರು. ಸಂಜೆಯೊಳಗೆ ರುಜು ಬೀಳದಿದ್ದರೆ ನಾಳೆಯಿಂದ ಉಗ್ರಾಣದಲ್ಲಿ ತಂತಿ ಸುತ್ತುತ್ತಾ ಕೂರಬೇಕಾದೀತೆಂದು ಇಂಜಿನಿಯರ್ ಸಾಹೇಬರು ಬೆಳಿಗ್ಗೆಯೇ ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಒಂದು ಹಳದಿ ಎಂದರೆ ಮುಂದಿನ ಕಂಬದಲ್ಲಿ ಕೆಂಪು, ನಿಲ್ಲಲು ಸಿದ್ಧನಾಗು. ಎರಡು ಹಳದಿ ಎಂದರೆ ಕೆಂಪು ಇನ್ನೂ ಒಂದು ಕಂಬ ಆಚೆಗಿದೆ. ಈ ಕಂಬದಲ್ಲಿ ಎರಡೂ ಹಳದಿಗಳು ಸೊಗಸಾಗಿಯೇ ಉರಿಯುತ್ತಿದ್ದವು. ಆದರೆ ತಿರುವಿನಲ್ಲಿ ಬರುವ ಚಾಲಕನ ಕಣ್ಣಿಗೆ ಮೇಲಿನದನ್ನು ಹೊಸ ಕಾಲುಸೇತುವೆಯ ತೊಲೆ ಮರೆಮಾಡುತ್ತಿತ್ತು.

ಸಾಹೇಬರು ಕಂಬದ ಬುಡದಲ್ಲಿ ನಿಂತು, ಕತ್ತೆತ್ತಿ ಎಣಿಸಿದರು. "ಎರಡೂ ಇದೆಯಲ್ಲಮ್ಮ."

"ನೀವು ನಿಂತಿರೋ ಜಾಗದಿಂದ ರೈಲು ಬರಲ್ಲ ಸಾರ್."

ಒಂದೇ ಕಂಡರೂ ನಷ್ಟವೇನು, ಚಾಲಕ ಬೇಗನೆ ಬ್ರೇಕ್ ಹಾಕುತ್ತಾನೆ, ತಪ್ಪಿದ್ದರೂ ಕ್ಷೇಮದ ಕಡೆಗೇ ಇದೆ ಎಂದು ಸಾಹೇಬರು ವಾದಿಸಿದರು. ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ದೀಪದಕ್ಕನೂ ಮೊದಲ ದಿನ ಹಾಗೆಯೇ ಸಮಾಧಾನ ಹೇಳಿಕೊಂಡಿದ್ದಳು. ನಾಲ್ಕು ದಿನಗಳಿಂದ ಪರೀಕ್ಷೆಯ ಇಂಜಿನ್ ಓಡಿಸುತ್ತಿದ್ದವನು ಅವಳ ಸೋದರಮಾವ, ಮೂವತ್ತು ವರ್ಷಗಳಲ್ಲಿ ಒಂದು ಕೆಂಪನ್ನೂ ದಾಟದ ಆಸಾಮಿ. ಪರೀಕ್ಷೆಯ ಓಟದಲ್ಲಿ ಮಾತ್ರ, ಅಡ್ಡಪಟ್ಟಿ ಇದ್ದರೂ ಆ ಕಂಬವನ್ನು ಪಾಲಿಸಬೇಕಿತ್ತು. ಮೊದಲೆರಡು ದಿನ ಅವನು ಆ ಒಂಟಿ ಹಳದಿಗೆ ಬ್ರೇಕ್ ಹಾಕಿದ. ಮುಂದಿನ ಕಂಬದಲ್ಲಿ ಕೆಂಪು ಇರಲಿಲ್ಲ. ನಿನ್ನೆ ಚಹಾ ಹೀರುತ್ತಾ ನಕ್ಕಿದ್ದ:

"ಆ ಹಳದೀನಾ? ಅದು ಸುಮ್ನೆ ಹೆದರಿಸತ್ತೆ ಕಣೇ. ನಾನೀಗ ಅದರ ಕಡೆ ತಿರುಗಿ ಕೂಡ ನೋಡಲ್ಲ."

ದೀಪದಕ್ಕನಿಗೆ ಆಗ ಹೊಳೆದಿತ್ತು: ಒಂದು ದಿನ ಆ ಕಂಬ ನಿಜವಾಗಿಯೂ ಒಂದೇ ಹಳದಿ ತೋರಿಸುತ್ತದೆ. ಅಂದೂ ಮಾವ ನಗುತ್ತಲೇ ಇರುತ್ತಾನೆ.

ಅವಳು ಈ ಸಂಗತಿಯನ್ನೆಲ್ಲ ಸಾಹೇಬರಿಗೆ ಹೇಳಿ, ಒಮ್ಮೆ ಇಂಜಿನ್ ಹತ್ತಿ ನೋಡಿರೆಂದಳು. ಅವರು ಗಡಿಯಾರ ನೋಡಿಕೊಂಡು, ಪೆನ್ನು ಮುಂದೆ ಹಿಡಿದರು.

ದೀಪದಕ್ಕ ಪೆನ್ನು ತೆಗೆದುಕೊಂಡಳು. ಪುಟಪುಟಕ್ಕೂ ಸಂಖ್ಯೆ ಒತ್ತಿದ್ದ, ಒಂದು ಹಾಳೆ ಹರಿದರೂ ಸಿಕ್ಕಿಬೀಳುವಂಥ ರಿಜಿಸ್ಟರಿನಲ್ಲಿ ದುಂಡಗೆ ಬರೆದಳು: ದೀಪ ಎರಡು ಉರಿಯುತ್ತವೆ, ಚಾಲಕನಿಗೆ ಕಾಣುವುದು ಒಂದು, ಒಪ್ಪಿಗೆ ಇಲ್ಲ. ಅದರ ಕೆಳಗೆ ರುಜು ಹಾಕಿದಳು.

ಸಾಹೇಬರು ಕೆಂಡವಾಗಿ, ಪಕ್ಕದ ವಿಭಾಗದ ತಂತ್ರಜ್ಞನನ್ನು ಕರೆಸಿದರು. ಅವನು ಆ ಸಾಲನ್ನು ಎರಡು ಬಾರಿ ಓದಿದ.

"ಇದರ ಕೆಳಗೆ ನನ್ನ ಹೆಸರಾ? ಆಗಲ್ಲ ಸಾರ್," ಎಂದು ಪೆನ್ನಿಗೆ ಮುಚ್ಚಳ ಹಾಕಿಟ್ಟ.

ಮರುದಿನ ದೀಪದಕ್ಕ ಉಗ್ರಾಣದಲ್ಲಿ ತಂತಿ ಸುತ್ತುತ್ತಿದ್ದಳು. ಕಿಟಕಿಯ ಬಳಿಯ ಸ್ಟೂಲೇ ಬೇಕೆಂದು ಹಟ ಹಿಡಿದು ಪಡೆದಿದ್ದಳು. ಅಲ್ಲಿಂದ ಕಂಬ ಕಾಣುತ್ತಿತ್ತು. ಅಡ್ಡಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ.